ಬಾಂಡ್ ಬರೆಸ್ಕೊಂಡು ಕಳಿಸಿದ್ರೆ ಸಾಕಾ, ಆಮೇಲೆ ನೋಡ್ಕೊಳ್ಳೋರು ಯಾರು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ರು ಬರೆದಿದ್ರು, ಹೊಸ ಕಾನೂನಲ್ಲಿ ಕಳ್ಳರಿಗೆ ಕಸ ಗುಡಿಸೋ ಶಿಕ್ಷೆ ಕೊಟ್ಟು ಮನೆಗೆ ಕಳಿಸ್ತಾರಂತೆ, ಇನ್ನು ಯಾರಿಗೆ ಭಯ ಇರುತ್ತೆ ಅಂತ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ, ನಮ್ಮ ತೋಟದಲ್ಲೂ ಕಾಯಿ ಹೋಗಿದೆ, ಬೋರ್‌ವೆಲ್ ಮೋಟಾರಿನ ಕೇಬಲ್ ಕೊಯ್ಕೊಂಡು ಹೋಗಿದಾರೆ. ಆದ್ರೆ ತೆಂಗಿನ ಸೀಮೆಯ ಒಂದು ತಾಲ್ಲೂಕು ಕೋರ್ಟಲ್ಲಿ ಬಹಳ ವರ್ಷದಿಂದ ಇಂಥ ಸಣ್ಣಪುಟ್ಟ ಕೇಸುಗಳನ್ನೇ ನಡೆಸ್ಕೊಂಡು ಬಂದಿರೋ ವಕೀಲ ನಾನು, ನನ್ನ ತಕರಾರು ಬೇರೆ ಇದೆ. ಜೈಲಿಗೆ ಹಾಕ್ದೆ ಹೊರಗೆ ಬಿಟ್ಟವನ ಮೇಲೆ ನಿಗಾ ಇಡೋಕೆ, ಅವನಿಗೊಂದು ದಾರಿ ತೋರ್ಸೋಕೆ ಅಂತಾನೇ ನಮ್ಮ ಕಾನೂನು 1958ರಲ್ಲೇ ಪ್ರೊಬೇಷನ್ ಆಫೀಸರ್ ಅಂತ ಒಬ್ಬ ಅಧಿಕಾರಿನ ಇಟ್ಟಿದೆ. ಆ ಅಧಿಕಾರಿಯ ಮುಖ ನನ್ನ ಕಕ್ಷಿದಾರರಲ್ಲಿ ಬಹುತೇಕರು ನೋಡೇ ಇಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡ್ತೀನಿ. ಈ ವಿಷಯ ಎತ್ತಿದ ತಕ್ಷಣ ಎಲ್ರೂ ಪುಣೆ ಕೇಸು ಹೇಳ್ತಾರೆ, 2024ರ ಮೇನಲ್ಲಿ ಇಬ್ಬರು ಎಂಜಿನಿಯರುಗಳು ಸತ್ತ ಕಾರ್ ಕೇಸಲ್ಲಿ ಹುಡುಗನಿಗೆ 300 ಪದದ ಪ್ರಬಂಧ ಬರಿ ಅಂದ್ರಲ್ಲ, ಅದು. ಅದು ಬಾಲ ನ್ಯಾಯ ಮಂಡಳಿ ಬೇಲ್ ಕೊಡೋವಾಗ ಹಾಕಿದ ಷರತ್ತು, ಶಿಕ್ಷೆ ಅಲ್ವೇ ಅಲ್ಲ, ವಯಸ್ಕರ ಕಾನೂನಿಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ಆ ಒಂದು ಪ್ರಬಂಧದಿಂದ ಇಡೀ ವಿಷಯ ನಗೆಪಾಟಲಾಯ್ತು.

2024ರ ಜುಲೈ 1ಕ್ಕೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಅನ್ನೋದು ಮೊದಲ ಸಲ ಒಂದು ಶಿಕ್ಷೆಯಾಗಿ ಸೇರಿದೆ ನಿಜ, ಆದ್ರೆ ಅದು ಬರೀ ಆರು ಅಪರಾಧಕ್ಕೆ. ಸರ್ಕಾರಿ ನೌಕರ ವ್ಯಾಪಾರ ಮಾಡಿದ್ರೆ, ಕೋರ್ಟ್ ಘೋಷಣೆ ಹೊರಡಿಸಿದ ಮೇಲೂ ಹಾಜರಾಗ್ದೆ ಇದ್ರೆ, ಅಧಿಕಾರಿಗಳ ಕೈ ಕಟ್ಟಿಹಾಕೋಕೆ ಆತ್ಮಹತ್ಯೆಗೆ ಪ್ರಯತ್ನ ಪಟ್ರೆ, ಕುಡಿದು ಬೀದೀಲಿ ಗಲಾಟೆ ಮಾಡಿದ್ರೆ, ಮಾನಹಾನಿ, ಇನ್ನೊಂದು 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನ, ಅದೂ ಮೊದಲನೇ ಸಲ ಸಿಕ್ಕಿಬಿದ್ದೋನು, ಮಾಲು ಇಲ್ಲಾ ಅದರ ಬೆಲೆ ವಾಪಸ್ ಕೊಟ್ರೆ ಮಾತ್ರ. ಅಷ್ಟೇ. ಮನೆ ಕನ್ನ ಹಾಕಿದೋನು, ಸರ ಕಿತ್ತೋನು ಯಾರೂ ಈ ಲೆಕ್ಕಕ್ಕೆ ಬರಲ್ಲ.

ಈ 5,000ದ ಗೆರೆ ನಮ್ಮ ಕಡೆ ಹೆಂಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ನೋಡಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆನೇ ಕ್ವಿಂಟಾಲಿಗೆ 12,100 ರೂಪಾಯಿ, ಆ ಲೆಕ್ಕದಲ್ಲಿ 42 ಕೆಜಿ ಕೊಬ್ಬರಿ ಹೊತ್ಕೊಂಡು ಹೋದ್ರೆ ಗೆರೆ ದಾಟ್ತು, ಅಂದ್ರೆ ಒಂದು ಚೀಲ. ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಅದೇ ಹುಡುಗ ತೋಟದಲ್ಲಿ ಮರದ ಬುಡದಲ್ಲಿ ಬಿದ್ದಿರೋ ಕಾಯಿ ಗೋಣಿಗೆ ತುಂಬ್ಕೊಂಡ್ರೆ ಸೆಕ್ಷನ್ 303, ಬೆಲೆ ಕಡಿಮೆ ಇದ್ರೆ ಸಮುದಾಯ ಸೇವೆ. ಅದೇ ಕಾಯಿ ಅಟ್ಟದ ಮೇಲೆ ಕೊಬ್ಬರಿ ಆಗೋಕೆ ಹಾಕಿದ್ದನ್ನ ಇಳಿಸ್ಕೊಂಡ್ರೆ ಅದು ಮನೆ ಒಳಗಿನ ಕಳ್ಳತನ, ಸೆಕ್ಷನ್ 305, ಏಳು ವರ್ಷದವರೆಗೆ ಶಿಕ್ಷೆ, ಬೆಲೆ 500 ಇರಲಿ 50,000 ಇರಲಿ ಸಮುದಾಯ ಸೇವೆ ಅನ್ನೋ ಮಾತೇ ಇಲ್ಲ. ಮನೆ ಒಳಗೆ ನುಗ್ಗೋದು ತೋಟಕ್ಕೆ ನುಗ್ಗೋದಕ್ಕಿಂತ ದೊಡ್ಡ ತಪ್ಪು ಅಂತ ಒಪ್ಕೋತೀನಿ, ಆದ್ರೆ ಒಂದು ಕಡೆ ಆಸ್ಪತ್ರೆ ಅಂಗಳ ಗುಡಿಸೋದು, ಇನ್ನೊಂದು ಕಡೆ ಏಳು ವರ್ಷ, ನಡುವೆ ಏನೂ ಇಲ್ವಾ ಅಂದ್ರೆ ಇದೆ. ಅದೇ ನಾನು ಹೇಳೋಕೆ ಹೊರಟಿರೋ ಅಪರಾಧಿಗಳ ಪ್ರೊಬೇಷನ್ ಕಾಯ್ದೆ, 1958.

ಈ ಕಾಯ್ದೆಯ 4ನೇ ಸೆಕ್ಷನ್ ಓದಿದ್ರೆ, ಮರಣದಂಡನೆ ಅಥವಾ ಜೀವಾವಧಿ ಇರೋ ಅಪರಾಧ ಬಿಟ್ಟು ಬೇರೆ ಯಾವುದರಲ್ಲೇ ಆಗ್ಲಿ ತಪ್ಪಿತಸ್ಥ ಅಂತ ತೀರ್ಮಾನ ಆದ್ಮೇಲೆ, ಕೋರ್ಟಿಗೆ ಸರಿ ಅನ್ನಿಸಿದ್ರೆ ಶಿಕ್ಷೆ ಹೇಳ್ದೆನೇ, ಸರಿಯಾಗಿ ನಡ್ಕೋತೀನಿ ಅಂತ ಬಾಂಡ್ ಬರೆಸ್ಕೊಂಡು ಬಿಡಬಹುದು, ಮೂರು ವರ್ಷದವರೆಗೆ ನಡತೆ ನೋಡಬಹುದು, ಜೊತೆಗೆ ಕಡಿಮೆ ಅಂದ್ರೆ ಒಂದು ವರ್ಷ ಪ್ರೊಬೇಷನ್ ಆಫೀಸರ್ ಉಸ್ತುವಾರೀಲಿ ಇರಬೇಕು ಅಂತ ಆದೇಶ ಮಾಡಬಹುದು. ಎಲ್ಲಿ ವಾಸ ಇರಬೇಕು, ಕುಡಿಯಬಾರದು, ಇಂಥದ್ದಕ್ಕೆಲ್ಲಾ ಷರತ್ತು ಹಾಕಬಹುದು. 5ನೇ ಸೆಕ್ಷನ್ ಪ್ರಕಾರ ಮಾಲು ಕಳ್ಕೊಂಡೋರಿಗೆ ಪರಿಹಾರ ಕೊಡಿಸಬಹುದು. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಸಾಕ್ಷಿ ಹೇಳೋಕೆ ಬರೋ ರೈತರು ಕೋರ್ಟಿನ ಹೊರಗೆ ನನ್ನ ಹತ್ರಾನೇ, ಅಂದ್ರೆ ಕಳ್ಳನ ವಕೀಲನ ಹತ್ರಾನೇ, ಬಂದು ಹೇಳೋದು ಒಂದೇ ಮಾತು, ಅವನು ಒಳಗಿದ್ರೆ ನನಗೇನ್ ಬಂತು ಸ್ವಾಮಿ, ನನ್ನ ಕೇಬಲ್ ದುಡ್ಡು ಕೊಡಿಸಿ. ಜೈಲಲ್ಲಿ ಕೂತೋನು ಯಾವ ದುಡ್ಡು ಕೊಡ್ತಾನೆ? 21 ವರ್ಷದ ಒಳಗಿನವರಿಗಂತೂ 6ನೇ ಸೆಕ್ಷನ್ ಇನ್ನೂ ಬಿಗಿ ಇದೆ, ಜೈಲಿಗೆ ಕಳಿಸೋದಾದ್ರೆ ಮೊದಲು ಪ್ರೊಬೇಷನ್ ಆಫೀಸರ್ ವರದಿ ತರಿಸ್ಕೋಬೇಕು, ಬಿಡೋಕೆ ಯಾಕೆ ಆಗಲ್ಲ ಅಂತ ಕಾರಣ ಬರೀಬೇಕು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಕೇಸಲ್ಲಿ ಇನ್ನೊಂದ್ಸಲ ಹೇಳಿದೆ, ಈ ಕಾಯ್ದೆ ಅನ್ವಯ ಆಗೋ ಕೇಸಲ್ಲಿ ಪ್ರೊಬೇಷನ್ ಕೊಡಬೇಕಾ ಬೇಡ್ವಾ ಅಂತ ಯೋಚನೆ ಮಾಡ್ದೆ ಮುಂದೆ ಹೋಗೋ ಹಾಗಿಲ್ಲ ಅಂತ.

ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಈಗ ನಮ್ಮ ಕಡೆ ನಡೆಯೋದು ಹೇಳ್ತೀನಿ.

ಹುಡುಗನಿಗೆ ಪ್ರೊಬೇಷನ್ ಕೊಡಿ ಅಂತ ವಾದ ಮಾಡಿದ್ರೆ ಸಾಹೇಬ್ರು ಕೇಳೋ ಮೊದಲನೇ ಪ್ರಶ್ನೆ, ವರದಿ ಎಲ್ಲಿ? ವರದಿಗೆ ಪತ್ರ ಹೋಗುತ್ತೆ. ಅಧಿಕಾರಿ ಕೂರೋದು ಜಿಲ್ಲಾ ಕೇಂದ್ರದಲ್ಲಿ, ಅವರ ಮೇಲೆ ಬೇರೆ ಹತ್ತು ಕೆಲಸ, ಮೀಟಿಂಗು, ಇನ್ನೊಂದು ಹುದ್ದೆಯ ಪ್ರಭಾರ. ಒಂದು ವಾಯಿದೆ ಆಯ್ತು, ಎರಡು ವಾಯಿದೆ ಆಯ್ತು, ಕೊನೆಗೆ ಒಂದು ಪುಟದ ವರದಿ ಬರುತ್ತೆ, ಸದರಿ ಆರೋಪಿಯು ಬಡ ಕುಟುಂಬದವನಾಗಿದ್ದು ನಡತೆ ತೃಪ್ತಿಕರ ಅಂತ, ಆರೋಪಿ ಹೆಸರು ಬದಲಾಯಿಸಿದ್ರೆ ಯಾವ ಕೇಸಿಗೂ ಹೊಂದುತ್ತೆ. ಅದನ್ನ ನೋಡಿ ಯಾವ ಮ್ಯಾಜಿಸ್ಟ್ರೇಟ್ ಧೈರ್ಯ ಮಾಡ್ತಾರೆ ಹೇಳಿ. ನಾಳೆ ಅವನು ಇನ್ನೊಂದು ಕಡೆ ಸಿಕ್ಕಿಬಿದ್ರೆ ಬಿಟ್ಟಿದ್ಯಾರು ಅಂತ ಕೇಳೋದು ಅವರನ್ನೇ. ಹಂಗಾಗಿ ಒಂದೋ ಜೈಲು, ಇಲ್ಲಾ ಉಸ್ತುವಾರಿ ಆದೇಶವೇ ಇಲ್ದೆ ಬರೀ ಬಾಂಡು. ಬಾಂಡ್ ಬರೆಸ್ಕೊಂಡು ಬಿಟ್ರೆ ಅವನು ಮೂರು ವರ್ಷ ಏನ್ ಮಾಡ್ದ, ಕೆಲಸಕ್ಕೆ ಹೋದ್ನಾ, ಪರಿಹಾರದ ದುಡ್ಡು ಕಟ್ಟಿದ್ನಾ ಅಂತ ಕೇಳೋ ಒಂದು ನರಪಿಳ್ಳೆ ಇರಲ್ಲ. ಪತ್ರ ಬರೆದ ಆ ಓದುಗರು ಹೇಳೋ ಹಾಗೆ ಇದು ಬಿಟ್ಟಿ ಬಿಡುಗಡೆನೇ, ಅಲ್ಲಿಗೆ ಅವರ ಮಾತು ಸರಿ.

ಸರಿಯಾಗಿ ಮಾಡಿದ್ರೆ ಹೆಂಗಿರುತ್ತೆ ಅನ್ನೋದನ್ನೂ ನಾನು ಒಂದ್ಸಲ ನೋಡಿದೀನಿ. ಕೇಬಲ್ ಕಳ್ಳತನದ ಕೇಸು, ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ, ತಾಮ್ರ ಸುಟ್ಟು ಗುಜರಿಗೆ ಹಾಕ್ತಿದ್ದ. ಆಗ ಇದ್ದ ಅಧಿಕಾರಿ, ನಿವೃತ್ತಿ ಹತ್ರ ಬಂದಿದ್ದ ಮನುಷ್ಯ, ಬಸ್ಸಲ್ಲಿ ಊರಿಗೇ ಹೋದ್ರು, ಮನೆಯವರ ಜೊತೆ, ಪಕ್ಕದ ಮನೆಯವರ ಜೊತೆ, ಹುಡುಗ ಓದಿದ್ದ ಶಾಲೆ ಮೇಷ್ಟ್ರ ಜೊತೆ ಮಾತಾಡಿದ್ರು, ಕಡೆಗೆ ಕಂಡುಹಿಡಿದಿದ್ದೇನಪ್ಪಾ ಅಂದ್ರೆ ಇವನಿಗೆ ಮೊದಲೇ ಸಾಲ ಕೊಟ್ಟು ಮಾಲು ತಗೊಂಬಾ ಅಂತಿದ್ದೋನೇ ಆ ಗುಜರಿಯವನು. ಇದು ಪೊಲೀಸ್ ಚಾರ್ಜ್‌ಶೀಟಲ್ಲಿ ಎಲ್ಲೂ ಇರ್ಲಿಲ್ಲ. ಹುಡುಗನ್ನ ಬೇರೆ ಊರಿನ ಕಾಯಿ ಸುಲಿಯೋ ಗ್ಯಾಂಗಿಗೆ ಸೇರಿಸಿ, ತಿಂಗಳಿಗೊಂದ್ಸಲ ಬಂದು ಕಾಣಬೇಕು ಅಂತ ಮಾಡಿ, ರೈತನಿಗೆ ಕೊಡಬೇಕಾಗಿದ್ದ ದುಡ್ಡನ್ನ ಕಂತಲ್ಲಿ ಕಟ್ಟಿಸಿದ್ರು. ಕೆಲಸ ಹುಡುಕಿ ಕೊಡೋದು, ಪರಿಹಾರ ಕಟ್ಟೋಕೆ ನೆರವಾಗೋದು ಇವೆಲ್ಲಾ ಕಾಯ್ದೆಯ 14ನೇ ಸೆಕ್ಷನ್ನಲ್ಲಿ ಪ್ರೊಬೇಷನ್ ಆಫೀಸರ್ ಕರ್ತವ್ಯ ಅಂತಾನೇ ಬರೆದಿರೋದು, ಅವರು ಪುಣ್ಯಕ್ಕೆ ಮಾಡಿದ್ದಲ್ಲ. ಆ ಹುಡುಗ ದೇವರಂಥ ಮನುಷ್ಯ ಆದ ಅಂತೇನೂ ಹೇಳಲ್ಲ, ಈಗ್ಲೂ ಕುಡೀತಾನೆ, ಜಾತ್ರೇಲಿ ಜಗಳ ಆಡ್ಕೊಂಡು ಒಂದ್ಸಲ ನನ್ನ ಆಫೀಸಿಗೂ ಬಂದಿದ್ದ, ಆದ್ರೆ ಕಳ್ಳತನದ ಕೇಸು ಮತ್ತೆ ಬಂದಿಲ್ಲ.

ಇದೇ ಕೆಲಸವನ್ನ ಪೊಲೀಸ್ ಠಾಣೆ ಮಾಡ್ಲಿ ಅಂತ ಕೆಲವರು ಅಂತಾರೆ. ಪ್ರತಿ ಭಾನುವಾರ ಠಾಣೆಗೆ ಹೋಗಿ ಸಹಿ ಹಾಕಿ ಬರೋದು ಬೇಲ್ ಕೇಸುಗಳಲ್ಲಿ ಮಾಮೂಲಿ ಷರತ್ತು. ಆದ್ರೆ ಠಾಣೇಲಿ ಅವನ ಹೆಸರಿಗೆ ಒಂದು ಎಂ.ಒ.ಬಿ. ಕಾರ್ಡ್, ಅಂದ್ರೆ ಹಳೇ ಕಳ್ಳರ ಮೇಲೆ ಕಣ್ಣಿಡೋಕೆ ಪೊಲೀಸರು ಇಟ್ಕೊಳ್ಳೋ ದಾಖಲೆ, ಓಪನ್ ಆಗಿರುತ್ತೆ, ಸುತ್ತಮುತ್ತ ಎಲ್ಲೇ ಒಂದು ಪಂಪ್‌ಸೆಟ್ ಹೋದ್ರೂ ಮೊದಲು ಎತ್ಕೊಂಡು ಬರೋದು ಅವನನ್ನೇ, ಕೆಲಸ ಕೊಟ್ಟಿದ್ದ ಮಾಲೀಕ ಎರಡು ಸಲ ನೋಡಿ ಮೂರನೇ ಸಲ ಬೇಡಪ್ಪಾ ಅಂತಾನೆ. ಪೊಲೀಸರನ್ನ ಬೈತಿಲ್ಲ, ಅವರ ಕೆಲಸ ಅಪರಾಧ ಪತ್ತೆ ಮಾಡೋದು. ಸಂಶಯ ಪಡೋದೇ ಕೆಲಸ ಆಗಿರೋರ ಹತ್ರ ಹೋಗಿ ನಂಬಿಕೆ ಇಡಿ ಅಂತ ಹೇಳೋಕಾಗಲ್ಲ. ಅದಕ್ಕೇ ಕಾಯ್ದೆ ಬೇರೆ ಅಧಿಕಾರಿನ ಮಾಡಿರೋದು, ಆತ ಕೊಡೋ ವರದಿ ಗೌಪ್ಯ ಅಂತ 7ನೇ ಸೆಕ್ಷನ್ನಲ್ಲಿ ಹೇಳಿರೋದು. ಜಿಪಿಎಸ್ ಕಟ್ಟಿಬಿಡಿ, ಫೋನ್ ಲೊಕೇಶನ್ ತಗೊಳ್ಳಿ ಅನ್ನೋರೂ ಇದಾರೆ, ಬೇಲ್ ಮೇಲಿರೋನು ಗೂಗಲ್ ಮ್ಯಾಪಲ್ಲಿ ಪಿನ್ ಹಾಕಿ ತಾನು ಎಲ್ಲಿದೀನಿ ಅಂತ ತೋರಿಸ್ತಾ ಇರಬೇಕು ಅನ್ನೋ ಷರತ್ತನ್ನ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ತೆಗೆದುಹಾಕಿದೆ. ಅವನು ಎಲ್ಲಿದಾನೆ ಅಂತ ಮೊಬೈಲ್ ಹೇಳುತ್ತೆ, ಯಾಕೆ ಗುಜರಿಯವನ ಹತ್ರ ಹೋಗ್ತಾನೆ ಅಂತ ಹೇಳುತ್ತಾ?

ಇನ್ನು ನನಗೆ ಜಾಸ್ತಿ ಸಂಕಟ ಆಗೋ ವಿಷಯ. ಸಣ್ಣ ಕೇಸುಗಳಲ್ಲಿ ಜೈಲು ಅನ್ನೋದು ತೀರ್ಪು ಬಂದ್ಮೇಲೆ ಅಲ್ಲ, ತೀರ್ಪಿಗಿಂತ ಮುಂಚೆನೇ ಆಗಿಹೋಗಿರುತ್ತೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದ್ರೆ ಎನ್‌ಸಿಆರ್‌ಬಿಯ 2022ರ ಲೆಕ್ಕ ನೋಡಿ, ದೇಶದ ಜೈಲುಗಳಲ್ಲಿ 5,73,220 ಜನ, ಜಾಗ ಇರೋದು 4,36,266 ಜನಕ್ಕೆ, ಒಳಗಿರೋರಲ್ಲಿ 4,34,302 ಜನ ವಿಚಾರಣಾಧೀನರು, ಅಂದ್ರೆ ನೂರಕ್ಕೆ ಎಪ್ಪತ್ತೈದಕ್ಕೂ ಮೇಲೆ. ಬೇಲ್ ಆದ್ರೂ ಶ್ಯೂರಿಟಿ ಸಿಗ್ದೆ ಕೂತಿರೋರು ಇವರಲ್ಲಿ ಇದಾರೆ. ನಮ್ಮಲ್ಲಿ ಶ್ಯೂರಿಟಿ ಅಂದ್ರೆ ಪಹಣಿ ತರಬೇಕು, ಪಹಣಿ ಇರೋ ನೆಂಟರು ಕಳ್ಳತನದ ಕೇಸು ಅಂದ ತಕ್ಷಣ ಫೋನ್ ಎತ್ತಲ್ಲ, ಕೋರ್ಟ್ ಆವರಣದಲ್ಲೇ ದುಡ್ಡಿಗೆ ಶ್ಯೂರಿಟಿ ಕೊಡೋ ಜನ ಓಡಾಡ್ತಿರ್ತಾರೆ, ಕೂಲಿ ಹೋಯ್ತು, ಮನೇಲಿರೋ ಮೇಕೆ ಮಾರಿ ಅವರಿಗೆ ಕೊಡಬೇಕು, ಅಟ್ಟದ ಮೇಲಿಂದ ಬಿದ್ದವನಿಗೆ ದಡಿಗೆ ತಗೊಂಡು ಹೇರಿದ್ರು ಅನ್ನೋ ಹಾಗೆ. 1978ರಲ್ಲೇ ಮೋತಿರಾಮ್ ಅನ್ನೋ ಗಾರೆ ಕೆಲಸದವನ ಕೇಸಲ್ಲಿ ಕೆಳಗಿನ ಕೋರ್ಟು 10,000 ರೂಪಾಯಿ ಶ್ಯೂರಿಟಿ ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೇಲಿದೆ ಅಂತ ಅದನ್ನೂ ಒಪ್ಪದೇ ಹೋದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನ ತಳ್ಳಿಹಾಕಿ 1,000 ರೂಪಾಯಿ ಸ್ವಂತ ಬಾಂಡ್ ಮೇಲೆ ಬಿಡಿ ಅಂದ್ರು. ಆಮೇಲೆ ಎಷ್ಟು ದಶಕ ಆಯ್ತು. ಈಗ್ಲೂ ಹುಡುಗ ಸಬ್ ಜೈಲಲ್ಲಿ ಐದಾರು ತಿಂಗಳು ಕೂತು, ಸಾಕಾಗಿ ತಪ್ಪೊಪ್ಕೊಂಡು, ಅನುಭವಿಸಿದ ಅವಧಿಯೇ ಶಿಕ್ಷೆ ಅಂತ ಬರೆಸ್ಕೊಂಡು ಸಂಜೆ ಬಸ್ಸಿಗೆ ಮನೆಗೆ ಹೋಗ್ತಾನೆ. ಅಲ್ಲಿಗೆ ಪ್ರೊಬೇಷನ್ ಕಾಯ್ದೆಯ ಪುಸ್ತಕ ತೆಗೆಯೋ ಅವಕಾಶವೇ ಬರಲ್ಲ, ಒಳಗಿದ್ದಾಗ ಪರಿಚಯ ಆದ ದೊಡ್ಡ ಕಳ್ಳರ ಫೋನ್ ನಂಬರು ಮಾತ್ರ ಜೊತೇಲಿ ಬಂದಿರುತ್ತೆ. ಉಸ್ತುವಾರಿ ಅನ್ನೋದು ಬೇಲ್ ಹಂತದಲ್ಲೇ ಶುರು ಆಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಪಹಣಿ ಬದಲು ಅಧಿಕಾರಿಯ ಕಣ್ಗಾವಲು.

ಗುಳೆ ಹೋದವರ ಕಥೆ ಇನ್ನೂ ಕಷ್ಟ. ಪ್ರೊಬೇಷನ್ ಮೇಲೆ ಬಿಡೋಕೆ ಅಪರಾಧಿಗೋ ಅವನ ಜಾಮೀನುದಾರನಿಗೋ ಆ ಕೋರ್ಟಿನ ವ್ಯಾಪ್ತೀಲೋ, ಬಾಂಡ್ ಅವಧೀಲಿ ಅವನು ಇರೋ ಜಾಗದಲ್ಲೋ ಕಾಯಂ ವಾಸ ಇಲ್ಲಾ ಕಾಯಂ ಉದ್ಯೋಗ ಇರಬೇಕು ಅಂತ 4ನೇ ಸೆಕ್ಷನ್ನೇ ಹೇಳುತ್ತೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಬೆಂಗಳೂರಲ್ಲಿ ಕಟ್ಟಡ ಕೆಲಸದ ಶೆಡ್ಡಲ್ಲಿರೋನಿಗೆ ಯಾವ ಕಾಯಂ ವಾಸ? ಆರು ತಿಂಗಳಿಗೆ ಸೈಟು ಬದಲಾಗುತ್ತೆ. ಅದೇ ಸ್ವಂತ ಮನೆ ಇರೋರ ಮಗನಿಗೆ ಈ ಷರತ್ತು ಒಂದು ಲೆಕ್ಕನೇ ಅಲ್ಲ.

ಭಯದ ಮಾತಿಗೆ ಬರ್ತೀನಿ. ಪ್ರೊಬೇಷನ್ ಎಲ್ರಿಗೂ ಬೇಡ. ಡ್ರಗ್ಸ್ ಕಾಯ್ದೆಯಲ್ಲಿ ವಯಸ್ಕರಿಗೆ ಇದನ್ನ ಬಹುಮಟ್ಟಿಗೆ ಮುಚ್ಚಿಟ್ಟಿದಾರೆ, ಅಜಾಗರೂಕತೆಯಿಂದ ಗಾಡಿ ಓಡಿಸಿ ಜನ ಸತ್ತ ಕೇಸಲ್ಲಿ ಪ್ರೊಬೇಷನ್ ಬೇಡ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ದಲ್ಬೀರ್ ಸಿಂಗ್ ಕೇಸಲ್ಲಿ ಹೇಳಿದೆ, ಅದಕ್ಕೆ ನನ್ನ ಒಪ್ಪಿಗೆನೂ ಇದೆ. ಆದ್ರೆ ಪ್ರೊಬೇಷನ್ ಅಂದ್ರೆ ತಲೆ ಮೇಲೆ ಶಿಕ್ಷೆ ತೂಗ್ತಾ ಇರೋ ಸ್ಥಿತಿ, ಷರತ್ತು ಮುರಿದ್ರೆ 9ನೇ ಸೆಕ್ಷನ್ನಲ್ಲಿ ವಾರಂಟ್ ಹೊರಡಿಸಿ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲನೇ ತಪ್ಪಿಗೆ ಬೇಕಾದ್ರೆ 50 ರೂಪಾಯಿವರೆಗೆ ದಂಡ ಹಾಕಿ ಬಿಡಬಹುದು ಅಂತಾನೂ ಅದರಲ್ಲೇ ಇದೆ, 1958ರ 50 ರೂಪಾಯಿ ಇವತ್ತಿಗೂ 50 ರೂಪಾಯಿನೇ, ಒಂದು ಊಟಕ್ಕೂ ಸಾಲಲ್ಲ. ಆ ಷರತ್ತು ಮುರಿದಿದಾನೆ ಅಂತ ಕೋರ್ಟಿಗೆ ಹೇಳೋಕೂ ಒಬ್ರು ಬೇಕಲ್ಲ, ಮತ್ತೆ ಅದೇ ಜಾಗಕ್ಕೆ ಬಂದ್ವಿ.

ಉಸ್ತುವಾರಿ ಅತಿ ಆದ್ರೂ ಕಷ್ಟ. ಅಮೆರಿಕದಲ್ಲಿ 2019ರ ಒಂದು ವರದಿ ಪ್ರಕಾರ ರಾಜ್ಯ ಜೈಲುಗಳಿಗೆ ಹೊಸದಾಗಿ ಸೇರೋರಲ್ಲಿ ಸುಮಾರು 45 ಪರ್ಸೆಂಟ್ ಜನ ಪ್ರೊಬೇಷನ್ ಇಲ್ಲಾ ಪೆರೋಲ್ ಷರತ್ತು ಮುರಿದು ಒಳಗೆ ಹೋದೋರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊಸ ಅಪರಾಧ ಮಾಡಿ ಅಲ್ಲ, ಭೇಟಿ ತಪ್ಪಿಸಿದ್ದು, ಶುಲ್ಕ ಕಟ್ಟದೇ ಇದ್ದದ್ದು ಇಂಥದ್ದಕ್ಕೆ. ಇಂಗ್ಲೆಂಡಲ್ಲಿ 2014ರಲ್ಲಿ ಈ ಕೆಲಸದ ದೊಡ್ಡ ಭಾಗನ ಖಾಸಗಿ ಕಂಪನಿಗಳಿಗೆ ಕೊಟ್ಟು ಎಡವಟ್ಟಾಗಿ 2021ರಲ್ಲಿ ವಾಪಸ್ ಸರ್ಕಾರವೇ ತಗೊಳ್ತು. ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ ಸಾಮಾಜಿಕ ನ್ಯಾಯ ಇಲಾಖೆ ನೇರ್ವಳಿ ಅಂತ ಇದಕ್ಕೇ ಒಂದು ಯೋಜನೆ ನಡೆಸುತ್ತೆ, ಅದೇ ಕೃಷ್ಣ ಅಯ್ಯರ್ ಹುಟ್ಟಿದ ದಿನ ನವೆಂಬರ್ 15ನ್ನ ಪ್ರೊಬೇಷನ್ ದಿನ ಅಂತ ಆಚರಿಸ್ತಾರೆ. ನಾವು ಮಾಡೋದೇನು, ಚುನಾವಣೆ ಬಂತು ಗಣೇಶನ ಹಬ್ಬ ಬಂತು ಅಂದ್ರೆ ಗಡಿಪಾರು ಪಟ್ಟಿ, ಅಂದ್ರೆ ನಮ್ಮ ಜಿಲ್ಲೆ ಪುಂಡನ್ನ ಪಕ್ಕದ ಜಿಲ್ಲೆಗೆ ಕಳಿಸೋದು, ಅವರು ಅವರದ್ದನ್ನ ನಮ್ಮ ಕಡೆಗೆ.

ಒಂದು ಆತಂಕ ಮಾತ್ರ ಇದೆ, ಅದನ್ನ ಮುಚ್ಚಿಡಲ್ಲ. ಸಮುದಾಯ ಸೇವೆ ಅಂದ್ರೆ ಯಾವ ಕೆಲಸ ಅಂತ ಕಾನೂನಲ್ಲಿ ಪಟ್ಟಿ ಇಲ್ಲ, ಜನಕ್ಕೆ ಉಪಯೋಗ ಆಗೋ ಕೆಲಸ, ಅದಕ್ಕೆ ಕೂಲಿ ಇಲ್ಲ ಅಂತ ಮಾತ್ರ ಕ್ರಿಮಿನಲ್ ಕೇಸು ನಡೆಸೋ ಕ್ರಮ ಹೇಳೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 23ನೇ ಸೆಕ್ಷನ್ ಹೇಳುತ್ತೆ. ನಮ್ಮ ಊರುಗಳ ಬುದ್ಧಿ ನಿಮಗೆ ಗೊತ್ತಿರೋದೇ, ಯಾರ ಕೈಗೆ ಪೊರಕೆ ಹೋಗುತ್ತೆ, ಯಾರನ್ನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸೋಕೆ ಕೂರಿಸ್ತಾರೆ ಅಂತ ಬಿಡಿಸಿ ಹೇಳಬೇಕಾ. ಜೈಲೊಳಗೆ ಜಾತಿ ನೋಡಿ ಕೆಲಸ ಹಂಚೋ ನಿಯಮಗಳನ್ನ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಕೇಸಲ್ಲಿ ರದ್ದು ಮಾಡಿದೆ. ಒಳಗೆ ತೆಗೆದಿದ್ದನ್ನ ಹೊರಗೆ ಸಮುದಾಯ ಸೇವೆ ಹೆಸರಲ್ಲಿ ತರಬಾರದು. ಹಂಗೇನೇ ಪೊರಕೆ ಹಿಡಿಸಿ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕೋದು, ಊರ ಯಜಮಾನರ ಮುಂದೆ ಕ್ಷಮೆ ಕೇಳಿಸೋದು ಇದ್ಯಾವುದೂ ಶಿಕ್ಷೆಯ ಭಾಗ ಅಲ್ಲ. ಉಸ್ತುವಾರಿ ಕೋರ್ಟಿನ ಕೈಲಿರಬೇಕು, ಕಟ್ಟೆ ಪಂಚಾಯ್ತಿ ಕೈಲಲ್ಲ.

ಸರ್ಕಾರದಿಂದ ನಾನು ಕೇಳೋದು ಜಾಸ್ತಿ ಏನಲ್ಲ. ಪ್ರತಿ ತಾಲ್ಲೂಕು ಕೋರ್ಟಿಗೆ ಬೇರೆ ಯಾವ ಪ್ರಭಾರನೂ ಇಲ್ಲದ ಒಬ್ಬ ಪೂರ್ಣಾವಧಿ ಪ್ರೊಬೇಷನ್ ಆಫೀಸರ್, ಓಡಾಡೋಕೆ ಒಂದು ಬೈಕಿನ ಖರ್ಚು, ವರದಿ ಕೊಡೋಕೆ ಒಂದು ಗಡುವು. ಸಮಾಜಕಾರ್ಯ ಓದಿದ ಎಂಎಸ್‌ಡಬ್ಲ್ಯೂ ಹುಡುಗ ಹುಡುಗೀರು ಕೆಲಸ ಇಲ್ದೆ ಮೈಕ್ರೋಫೈನಾನ್ಸ್ ವಸೂಲಿಗೆ ಹೋಗ್ತಿದಾರೆ, ಜನ ಇಲ್ಲ ಅನ್ನೋ ಹಾಗಿಲ್ಲ. 1841ರಲ್ಲಿ ಬಾಸ್ಟನ್‌ನಲ್ಲಿ ಈ ಪದ್ಧತಿ ಶುರು ಮಾಡಿದ ಜಾನ್ ಅಗಸ್ಟಸ್ ಸರ್ಕಾರಿ ನೌಕರನೂ ಅಲ್ಲ, ಬೂಟು ಹೊಲಿಯೋನು, ಕೋರ್ಟಲ್ಲಿ ನಿಂತಿದ್ದ ಒಬ್ಬ ಕುಡುಕನಿಗೆ ತಾನೇ ಜಾಮೀನು ನಿಂತು ಮೂರು ವಾರ ನೋಡ್ಕೊಂಡು ವಾಪಸ್ ಕರ್ಕೊಂಡು ಬಂದ, ಜಡ್ಜು ಒಂದು ಸೆಂಟ್ ದಂಡ ಹಾಕಿ ಬಿಟ್ರು.

ಸರ್ಕಾರ ಇದನ್ನ ಮಾಡೋವರೆಗೆ ಓದುಗರಿಗೆ ಒಂದು ವಿಷಯ. ನಿಮ್ಮ ಮನೇಲಿ, ಪರಿಚಯದಲ್ಲಿ ಯಾರಾದ್ರೂ ಮೊದಲ ಸಲ ಇಂಥ ಕೇಸಲ್ಲಿ ಸಿಕ್ಕಿಬಿದ್ದು ತಪ್ಪಿತಸ್ಥ ಅಂತ ತೀರ್ಪಾದ್ರೆ, ಶಿಕ್ಷೆ ಪ್ರಮಾಣದ ಬಗ್ಗೆ ಹೇಳೋಕೆ ಏನಿದೆ ಅಂತ ಕೋರ್ಟ್ ಕೇಳುತ್ತೆ. ಆಗ ಸುಮ್ಮನೆ ದಯೆ ತೋರಿಸಿ ಅಂತ ಕೈ ಮುಗೀಬೇಡಿ, ಪ್ರೊಬೇಷನ್ ಕಾಯ್ದೆ 4ನೇ ಸೆಕ್ಷನ್ ಪ್ರಕಾರ, ವಯಸ್ಸು 21ರ ಒಳಗಿದ್ರೆ 6ನೇ ಸೆಕ್ಷನ್ ಪ್ರಕಾರ ಪರಿಗಣಿಸಿ ಅಂತ ವಕೀಲರ ಕೈಲಿ ಲಿಖಿತವಾಗಿ ಕೇಳಿಸಿ. ವಯಸ್ಸಿನ ದಾಖಲೆ, ರೇಷನ್ ಕಾರ್ಡು, ಕೆಲಸ ಕೊಟ್ಟೋರ ಪತ್ರ ಜೊತೇಲಿಡಿ. ಈ ಕಾಯ್ದೆ ಅಡಿ ಬಿಟ್ರೆ ಆ ಕನ್ವಿಕ್ಷನ್ನಿಂದ ಕಾನೂನು ಪ್ರಕಾರ ಬರೋ ಅನರ್ಹತೆ ತಟ್ಟಲ್ಲ ಅಂತ 12ನೇ ಸೆಕ್ಷನ್ ಹೇಳುತ್ತೆ, ಸರ್ಕಾರಿ ಕೆಲಸದಲ್ಲಿರೋನಿಗೆ ಇಲಾಖೆ ವಿಚಾರಣೆ ಮಾಡೋ ಅಧಿಕಾರ ಮಾತ್ರ ಇದ್ದೇ ಇರುತ್ತೆ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಹೆಣ್ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡೀಲಿರೋರಿಗೆ ಆದಾಯ ಎಷ್ಟೇ ಇದ್ರೂ ಉಚಿತ, ಸಹಾಯವಾಣಿ 15100.

ಇತಿ,
ತೆಂಗಿನ ಸೀಮೆಯ ಒಬ್ಬ ವಕೀಲ
ತುಮಕೂರು ಜಿಲ್ಲೆ